ತತ್ವಕ್ಕೆ ಬಡ್ಡಿ ಎಷ್ಟು?

ಡೊಂಬಿವಲಿ ಅಕ್ಕ: ಮಗಳ ಟ್ಯೂಷನ್‌ನಲ್ಲಿ ಒಂದೇ ತರ ಕೇಳಿಸುವ ಇಂಗ್ಲಿಷ್ ಪದಗಳ ದೊಡ್ಡ ಪಟ್ಟಿ ಕೊಟ್ಟಿದ್ದಾರೆ. ಜೋಡಿಜೋಡಿಯಾಗಿ ಬಾಯಿಪಾಠ. ಮೊದಲು ಸರಿ ಬರೆಯುತ್ತಿದ್ದ, 'ಅಲ್ಲಿ' ಅನ್ನುವ 'ದೇರ್' ಕೂಡ ಈಗ ತಪ್ಪುತ್ತಿದೆ. ಇದೆಲ್ಲ ಬೇಕಾ?

ಮಾಟುಂಗಾ ಮಾಣಿ: ಬೇಡ ಅಕ್ಕಾ, ಫೋನೇ ತಿದ್ದುತ್ತದೆ.

ಬೋರಿವಲಿ ಭಟ್ರು: ಎಲ್ಲಿ ತಿದ್ದುತ್ತದೆ ಮಾರಾಯ! ಎರಡೂ ಸರಿಯಾದ ಪದಗಳೇ ಆದರೆ ಎಷ್ಟೋ ಸಲ ಸುಮ್ನೆ ಬಿಟ್ಟುಬಿಡುತ್ತದೆ. ನಾನು ಸಾಲದ ಕಾಗದ ನೋಡುವವನು. ಅಸಲು ಅನ್ನುವ ಪ್ರಿನ್ಸಿಪಲ್‌ಗೆ ಕೊನೆಯಲ್ಲಿ ಪಿ-ಎ-ಎಲ್, ತತ್ವ ಅನ್ನುವ ಪ್ರಿನ್ಸಿಪಲ್‌ಗೆ ಪಿ-ಎಲ್-ಇ. 'ತತ್ವ ಐದು ಲಕ್ಷ, ಅದರ ಮೇಲೆ ಬಡ್ಡಿ' ಅನ್ನುವಂಥ ಅರ್ಜಿಗಳು ಬರುತ್ತಲೇ ಇರುತ್ತವೆ. ಪಟ್ಟಿ ಬಾಯಿಗೆ ಬರಲೇಬೇಕು.

ಪುಣೆ ಪಾಟೀಲ: ರೋಗ ಸರಿ ಹೇಳಿದಿರಿ ಭಟ್ರೇ, ಮದ್ದು ತಪ್ಪು. ಎರಡನ್ನೂ ಒಟ್ಟಿಗೆ ಕಲಿಸಿದರೆ ಒಂದು ಬೇಕೆಂದಾಗ ಇನ್ನೊಂದೂ ಎದ್ದು ಬರುತ್ತದೆ. ಪದವನ್ನು ಅದರ ಬಳಗದ ಜೊತೆ ಕಲಿಸಿ. ಇಲ್ಲಿ, ಅಲ್ಲಿ, ಎಲ್ಲಿ ಅನ್ನುವ ಹಿಯರ್, ದೇರ್, ವೇರ್ ಮೂರಕ್ಕೂ ಕೊನೆಯಲ್ಲಿ ಎಚ್-ಇ-ಆರ್-ಇ. ಕೇಳುವ ಹಿಯರ್ ಒಳಗೆ ಕಿವಿಯ ಇಯರ್ ಪೂರ್ತಿ ಕೂತಿದೆ. ಇದಕ್ಕೆ ಬಾಯಿಪಾಠ ಯಾಕೆ?

ಥಾಣೆ ಟೀಚರ್: ಪಾಟೀಲರ ಮಾತಿಗೆ ನನ್ನದೊಂದು ಓಟು. ಸ್ಟೇಷನರಿ ನೋಡಿ. ಊರೂರು ಸುತ್ತದೆ ಒಂದೇ ಕಡೆ ಪುಸ್ತಕದ ಅಂಗಡಿ ಇಟ್ಟವನು ಸ್ಟೇಷನರ್, ಇ-ಆರ್. ಅವನ ಸಾಮಾನಿಗೂ ಅದೇ ಇ-ಆರ್. ನಿಂತಲ್ಲೇ ನಿಂತ ಬಸ್ಸಿಗೆ ಎ-ಆರ್. ಮೂಲ ಒಂದೇ. ಹಿಟ್ಟಿನ ಫ್ಲವರ್, ಹೂವಿನ ಫ್ಲವರ್ ಕೂಡ ಮೊದಲು ಒಂದೇ ಪದ. ಕಾಳಿನ ಅತಿ ಒಳ್ಳೆಯ ಭಾಗ ಅಂತ ಹಿಟ್ಟಿಗೆ ಆ ಹೆಸರು.

ಮಾಟುಂಗಾ ಮಾಣಿ: ಕನ್ನಡದಲ್ಲಿ ಬರೆದರೆ ಎರಡು ಸ್ಟೇಷನರಿಯೂ ಒಂದೇ. ಇಂಗ್ಲಿಷಿನವರಿಗೆ ಯಾಕೆ ಈ ಕರ್ಮ?

ಥಾಣೆ ಟೀಚರ್: ಉಚ್ಚಾರ ಓಡಿತು, ಕಾಗುಣಿತ ಹಿಂದೆ ಉಳಿಯಿತು. ಇಂಗ್ಲೆಂಡಿನಲ್ಲಿ ಕ್ಯಾಕ್ಸ್ಟನ್ ಮುದ್ರಣ ಶುರುಮಾಡಿದ್ದು 1476ರಲ್ಲಿ. ಆಮೇಲೂ ಸ್ವರಗಳು ಬದಲಾಗುತ್ತಲೇ ಇದ್ದವು. ಮಾಂಸದ ಮೀಟ್, ಭೇಟಿಯ ಮೀಟ್ ಆಗ ಬೇರೆಬೇರೆ ಕೇಳಿಸುತ್ತಿದ್ದವು. ವೀರನ ನೈಟ್‌ಗೆ ಮುಂದಿರುವ 'ಕೆ'ಯನ್ನೂ ಹಿಂದೆ ಬಾಯಿಬಿಟ್ಟು ಹೇಳುತ್ತಿದ್ದರು.

ಪುಣೆ ಪಾಟೀಲ: ನಮ್ಮದೇ ಗೊಂದಲವೂ ಒಂದಿದೆ. 'ಶಿಪ್', 'ಶೀಪ್' ನಮಗೆ ಸುಲಭ, ಹ್ರಸ್ವ-ದೀರ್ಘ ಚೆನ್ನಾಗಿ ಗೊತ್ತು. ಆದರೆ ದಿಕ್ಕಿನ ವೆಸ್ಟ್, ಬನಿಯನ್ ವೆಸ್ಟ್ ಎರಡಕ್ಕೂ ಒಂದೇ 'ವ'. ಮುಂಬೈಯ ಅಂಧೇರಿ ವೆಸ್ಟ್‌ಗೆ ಹೋಗುವವರು ಅಂಧೇರಿ ಬನಿಯನ್‌ನಲ್ಲಿ ಇಳಿಯಬೇಕು! ಇಲ್ಲಿನ ಮರಾಠಿ ಬೋರ್ಡ್ ನೋಡಿ, ವೆಜ್ ಅನ್ನು 'ವ್ಹೇಜ್' ಅಂತ ಬರೆದಿರುತ್ತಾರೆ. ಇಂಗ್ಲಿಷಿನ 'ವಿ'ಗೆ ವ್ಹ, 'ಡಬ್ಲ್ಯೂ'ಗೆ ಬರೀ ವ. ಜಾಣರು, ಅಲ್ವಾ?

ಬೋರಿವಲಿ ಭಟ್ರು: ಬೋರ್ಡ್ ಇರಲಿ ಪಾಟೀಲರೇ. ಕಥೆ ಕೇಳಿ ಕಲಿಯಲು ಪುರುಸೊತ್ತು ಬೇಕು. ಪರೀಕ್ಷೆಯಲ್ಲಿ ಜೋಡಿಗಳನ್ನೇ ಕೇಳುತ್ತಾರೆ.

ಪುಣೆ ಪಾಟೀಲ: ಕೇಳಲಿ. ಅಕ್ಕಾ, ಈ ವಾರ 'ದೇರ್' ಒಂದನ್ನೇ ನಾಲ್ಕಾರು ವಾಕ್ಯದಲ್ಲಿ ಬರೆಸಿ. ಅದು ಗಟ್ಟಿಯಾದ ಮೇಲೆ 'ಅವರ' ಅನ್ನುವ ದೇರ್ ತೆಗೆಯಿರಿ. ಜೋಡಿ ಕೊನೆಗೆ.

ಡೊಂಬಿವಲಿ ಅಕ್ಕ: ಸರಿ, ಟ್ಯೂಷನ್ ಪಟ್ಟಿ ಸದ್ಯಕ್ಕೆ ಎತ್ತಿಡುತ್ತೇನೆ. ಭಟ್ರೇ, ನಿಮ್ಮ ಪಿ-ಎ-ಎಲ್ ಮಾತ್ರ ನನಗೇ ಬೇಕು. ಗೃಹಸಾಲದ ಅರ್ಜಿ ತುಂಬುವುದಿದೆ.