ಹೀಚು, ಎಳನೀರು, ನರಸಿಂಹರಾಜು

ನಾಗು ಬೆಂಗಳೂರಿನಿಂದ ತಿಪಟೂರಿಗೆ ಬಂದವನು, ಹೆಗಲ ಚೀಲವನ್ನೂ ಕೆಳಗಿಡದೆ, ಜಗಲಿಯಲ್ಲಿ ಕುಳಿತಿದ್ದ ರಾಯರ ಮೂಗಿನ ಮುಂದೆ ಮೊಬೈಲು ಹಿಡಿದನು. ಅದರಲ್ಲಿ ಅವನ ಮಗ, ನಾಲ್ಕು ವರ್ಷದ ಚಿಂಟು, ಕಾಡಿಗೆಯ ಮೀಸೆ ಬರೆಸಿಕೊಂಡು, ಯಾವನೋ ದಪ್ಪ ಗಂಟಲಿನ ಗಂಡಸಿನ ದನಿಗೆ ತುಟಿ ಆಡಿಸುತ್ತ, ಹೆಂಡತಿಯ ಕಾಟ ತಾಳಲಾರದೆ ಹಣೆ ಚಚ್ಚಿಕೊಳ್ಳುತ್ತಿದ್ದನು. ಅರ್ಧ ನಿಮಿಷದಲ್ಲಿ ಆಟ ಮುಗಿಯಿತು. ರಾಯರು ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಏರಿಸಿಕೊಂಡರು.

"ಮಗನಿಗೆ ಮದುವೆ ಮಾಡಿದ್ದನ್ನು ನೀನು ನಮಗೆ ತಿಳಿಸಲೇ ಇಲ್ಲವಲ್ಲ, ನಾಗು" ಎಂದರು.

"ಇದು ರೀಲ್ಸ್, ರಾಯರೇ. ಹನ್ನೆರಡು ಸಾವಿರ ಜನ ನೋಡಿದ್ದಾರೆ. ಮುಂದಿನ ತಿಂಗಳು ಒಂದು ಟೀವಿಯವರ ಮಕ್ಕಳ ಕಾಮಿಡಿ ಕಾರ್ಯಕ್ರಮಕ್ಕೆ ಆಡಿಷನ್ ಇದೆ. ಅದರಲ್ಲಿ ಗೆದ್ದರೆ ಇವನ ಬದುಕು ನೆಲೆ ನಿಂತಂತೆ."

"ನಾಲ್ಕು ವರ್ಷಕ್ಕೇ ನೆಲೆ ನಿಂತುಬಿಟ್ಟರೆ ಉಳಿದ ಎಪ್ಪತ್ತು ವರ್ಷ ಅವನು ನಿಂತೇ ಇರಬೇಕೇನು?"

ಕೊಬ್ಬರಿ ವ್ಯಾಪಾರದ ಪುಟ್ಟಸ್ವಾಮಿಯವರು ತಮ್ಮ ವೃತ್ತಿಧರ್ಮಕ್ಕೆ ಅನುಗುಣವಾಗಿ, ಅಟ್ಟದಿಂದ ಇಳಿಸಿದ್ದ ಕಾಯೊಂದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದರು. ನೀರು ಪೂರ್ತಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟಿದ್ದರೆ ಒಳಗೆ ಗಡಗಡ ಎನ್ನುತ್ತದೆ. ಹಾಗೆ ಅಂದರೆ ಅದು ಕೊಬ್ಬರಿ, ಕುಲುಕುಲು ಎಂದರೆ ಇನ್ನೂ ಕಾಯಿ. ಅವರು ಕಾಯಿಯನ್ನು ಕಿವಿಯಿಂದ ಇಳಿಸದೆಯೇ, "ನಾಲ್ಕು ವರ್ಷಕ್ಕೆ ಬಣ್ಣ ಹಚ್ಚುವುದು ನಮ್ಮೂರಿಗೆ ಹೊಸದೇನಲ್ಲ ಬಿಡಿ. ನಮ್ಮ ನರಸಿಂಹರಾಜು ಅವರನ್ನು ಸೋದರಮಾವ ನಾಟಕದ ಕಂಪನಿಗೆ ಕರೆದೊಯ್ದಾಗ ಅವರಿಗೂ ನಾಲ್ಕೇ ವರ್ಷ" ಎಂದರು.

"ಅದನ್ನೇ ನಾನೂ ಹೇಳುತ್ತಿರುವುದು!" ಎಂದು ನಾಗು ಎಗರಿದನು. "ಹಾಸ್ಯ ಚಕ್ರವರ್ತಿ ನರಸಿಂಹರಾಜು ಬಾಲನಟ. ಚಿಂಟುವೂ ಬಾಲನಟ. ಅವರ ಕಾಲದಲ್ಲಿ ಮೊಬೈಲು ಇರಲಿಲ್ಲ, ಅಷ್ಟೇ ವ್ಯತ್ಯಾಸ."

ನಾಗು ಈ ಮಾತನ್ನು ಬೇರೆ ಯಾವ ಊರಿನಲ್ಲಿ ಆಡಿದ್ದರೂ ಬಚಾವಾಗುತ್ತಿದ್ದನು. ರಾಯರು ಗೋಡೆಗೆ ಒರಗಿದ್ದವರು ನೆಟ್ಟಗೆ ಕುಳಿತರು.

"ನೋಡು ನಾಗು, 1923ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಆ ಮಗು ಸಿ. ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭಾ ಸೇರಿದ್ದು ಹೆಚ್ಚುಕಡಿಮೆ 1927ರಲ್ಲಿ. ಅವರು 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ಅರ್ಚಕರ ಮಗ ಕಾಶಿಯಾಗಿ ಬೆಳ್ಳಿತೆರೆಗೆ ಬಂದದ್ದು 1954ರಲ್ಲಿ. ನಡುವೆ ಎಷ್ಟು ವರ್ಷವಾಯಿತು, ಲೆಕ್ಕ ಹಾಕು. ಇಪ್ಪತ್ತೇಳು. ತೆಂಗಿನಕಾಯಿ ಅಟ್ಟದ ಮೇಲೆ ಹನ್ನೊಂದು ಹನ್ನೆರಡು ತಿಂಗಳು ಕೂತರೆ ಉಂಡೆ ಕೊಬ್ಬರಿಯಾಗುತ್ತದೆಂದು ಪುಟ್ಟಸ್ವಾಮಿಯವರು ಹೇಳುತ್ತಾರೆ. ಈ ಮನುಷ್ಯ ಇಪ್ಪತ್ತೇಳು ವರ್ಷ ಅಟ್ಟದ ಮೇಲೆ ಕೂತಿದ್ದು, ಆಮೇಲೆ ಇಳಿದು ಬಂದು ಗಡಗಡ ಸದ್ದು ಮಾಡಿದರು. ನೀನು ಹೀಚನ್ನೇ ಮರದಿಂದ ಕಿತ್ತು, ಕೊಬ್ಬರಿ ಎಂದು ಮಂಡಿಗೆ ತಂದಿದ್ದೀಯೆ."

"ಹೀಚನ್ನು ಮಂಡಿಯಲ್ಲಿ ಯಾರೂ ಕೊಳ್ಳುವುದಿಲ್ಲ" ಎಂದು ಪುಟ್ಟಸ್ವಾಮಿಯವರು ತಾಂತ್ರಿಕ ಸಲಹೆ ನೀಡಿದರು.

"ಹೋಗಲಿ, ಎಳನೀರು ಎಂದಾದರೂ ಒಪ್ಪಿಕೊಳ್ಳಿ" ಎಂದು ನಾಗು ಚೌಕಾಸಿಗೆ ಇಳಿದನು. "ಎಳನೀರಿಗೆ ಈಗ ಕೊಬ್ಬರಿಗಿಂತ ಹೆಚ್ಚು ಗಿರಾಕಿ."

"ಗಿರಾಕಿ ಇಲ್ಲವೆಂದು ಯಾರು ಹೇಳಿದರು? ಬಿಸಿಲಿನಲ್ಲಿ ಬಂದವನು ಕೊಚ್ಚಿಸಿ, ಕೊಳವೆ ಹಾಕಿ ಹೀರಿ, ಬುರುಡೆಯನ್ನು ರಸ್ತೆಬದಿಗೆ ಎಸೆದು ಹೋಗುತ್ತಾನೆ. ನನಗೆ ಇರುವ ಚಿಂತೆ ಆ ಬುರುಡೆಯದು."

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಒಳಗಿನಿಂದ ಕಮಲತ್ತೆ ಕಾಫಿ ತಂದು ಸಾಲಾಗಿ ಇಟ್ಟು, ತಾವೂ ಹೊಸ್ತಿಲ ಮೇಲೆ ಕುಳಿತರು. ಚಿಂಟು ಬಸ್ಸಿನ ಆಯಾಸಕ್ಕೆ, ಹೊರಡುವಾಗ ಬರೆಸಿಕೊಂಡಿದ್ದ ಕಾಡಿಗೆಯ ಮೀಸೆಯ ಸಮೇತ, ಕಂಬದ ಬಳಿಯ ಚಾಪೆಯ ಮೇಲೆ ಮಲಗಿಬಿಟ್ಟಿದ್ದನು.

"ಆ ಇಪ್ಪತ್ತೇಳು ವರ್ಷ ಅವರು ಮಾಡಿದ್ದಾದರೂ ಏನು?" ಎಂದು ನಾಗು ಕೇಳಿದನು. ಅವನ ಪ್ರಶ್ನೆಯಲ್ಲಿ ಕೊಂಕು ಇತ್ತು. ಆದರೆ ರಾಯರಿಗೆ ಕೊಂಕು ತಾಗುವುದಿಲ್ಲ, ಪ್ರಶ್ನೆ ಮಾತ್ರ ತಾಗುತ್ತದೆ.

"ಪ್ರಹ್ಲಾದ, ಕೃಷ್ಣ, ಲೋಹಿತಾಶ್ವ, ಮಾರ್ಕಂಡೇಯ. ಕಂಪನಿ ನಾಟಕದಲ್ಲಿ ಮಗುವಿಗೆ ಇರುವುದು ಇಂಥವೇ ನಾಲ್ಕಾರು ಪಾತ್ರ, ಅವುಗಳಲ್ಲಿ ಅರ್ಧದಷ್ಟು ಸಾಯುವುದಕ್ಕೆ ಹೊರಟ ಮಕ್ಕಳವು. ಬೆಳೆಯುತ್ತಿದ್ದಂತೆ ಗಂಟಲು ಒಡೆಯುತ್ತದೆ, ಕಂದನ ಪಾತ್ರ ಕೈತಪ್ಪುತ್ತದೆ, ದೊಡ್ಡವರ ಪಾತ್ರ ಇನ್ನೂ ಸಿಗುವುದಿಲ್ಲ. ಬಾಲನಟನ ಬದುಕಿನಲ್ಲಿ ನಿಜವಾದ ಪರೀಕ್ಷೆ ಎಂಬುದು ಮೀಸೆ ಚಿಗುರುವಾಗ ಬರುತ್ತದೆಯೇ ಹೊರತು ಮೀಸೆ ಬರೆಯುವಾಗ ಅಲ್ಲ. ನರಸಿಂಹರಾಜು ಆ ಹೊತ್ತಿನಲ್ಲಿ ಗೆಳೆಯರೊಡನೆ ಸೇರಿ ತಮ್ಮದೇ ಮಂಡಳಿ ಕಟ್ಟಿ ನೋಡಿದರು, ಹಿರಣ್ಣಯ್ಯನವರ ಮಿತ್ರ ಮಂಡಳಿಯಲ್ಲಿ ದುಡಿದರು, ಕೊನೆಗೆ ಗುಬ್ಬಿ ಕಂಪನಿಗೆ ಬಂದರು. ಆ ಕಂಪನಿಯ ಯಜಮಾನರು ಯಾರು?"

"ವೀರಣ್ಣನವರು. ಅದು ಯಾರಿಗೆ ಗೊತ್ತಿಲ್ಲ?" ಎಂದರು ಕಮಲತ್ತೆ.

"ಅವರೂ ಹುಡುಗನಾಗಿ ಕಂಪನಿಗೆ ಬಂದು, ಹಾಸ್ಯ ಪಾತ್ರಗಳಿಂದ ಹೆಸರಾಗಿ, ಆಮೇಲೆ ಆ ಕಂಪನಿಗೇ ಒಡೆಯರಾಗಿ, ಸಿನಿಮಾ ತೆಗೆದವರು. ಬಾಲನಟ, ಹಾಸ್ಯನಟ, ನಿರ್ಮಾಪಕ, ಮೂರೂ ಆದವರು ನಮ್ಮ ತುಮಕೂರು ಜಿಲ್ಲೆಯೊಂದರಲ್ಲೇ ಇಬ್ಬರಿದ್ದಾರೆ. ಗುಬ್ಬಿಯವರು ಒಬ್ಬರು, ತಿಪಟೂರಿನವರು ಒಬ್ಬರು. 'ಬೇಡರ ಕಣ್ಣಪ್ಪ'ನ ನಿರ್ಮಾಣದಲ್ಲಿ ವೀರಣ್ಣನವರ ಕೈಯಿತ್ತು. ಅದರಿಂದಲೇ ರಾಜಕುಮಾರ್, ಜಿ. ವಿ. ಅಯ್ಯರ್, ನರಸಿಂಹರಾಜು ಮೂವರೂ ಬೆಳಕಿಗೆ ಬಂದರು, ಮೂವರೂ ಚಿಕ್ಕಂದಿನಲ್ಲಿ ಕಂಪನಿಯ ಅನ್ನ ಉಂಡವರು. ಒಂದೇ ಅಟ್ಟದಿಂದ ಒಂದೇ ದಿನ ಮೂರು ಕೊಬ್ಬರಿ ಇಳಿದವು ಎನ್ನು."

"ಹಾಗಾದರೆ ಪುನೀತ್ ಅವರನ್ನು ಏನೆನ್ನುತ್ತೀರಿ?" ಎಂದು ನಾಗು ಕೊನೆಯ ಅಸ್ತ್ರವನ್ನು ಹೊರತೆಗೆದನು. "ಅವರಂತೂ ಕೈಗೂಸಾಗಿದ್ದಾಗಲೇ ಕ್ಯಾಮೆರಾ ಮುಂದೆ ಬಂದವರು, 'ಬೆಟ್ಟದ ಹೂವು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಮುಂದೆ ನಿರ್ಮಾಪಕರೂ ಆದರು."

"ಅಪ್ಪು ಕೂಡ ಅಟ್ಟ ಹತ್ತಿದ್ದರಪ್ಪ. ಬಾಲನಟನಾಗಿ ಅವರ ಕಡೆಯ ಚಿತ್ರ ಬಂದದ್ದು 1989ರಲ್ಲಿ, ನಾಯಕನಾಗಿ ಮೊದಲನೆಯದು 2002ರಲ್ಲಿ. ಮನೆಯಲ್ಲೇ ಅಷ್ಟು ದೊಡ್ಡ ತೆಂಗಿನ ತೋಟ ಇದ್ದೂ ಹದಿಮೂರು ವರ್ಷ ಕಾದರು. ನೀನು ಮುಂದಿನ ತಿಂಗಳು ಎನ್ನುತ್ತೀಯೆ."

ಈ ಹಂತದಲ್ಲಿ ಪುಟ್ಟಸ್ವಾಮಿಯವರು ಗೊಂದಲ ಎಬ್ಬಿಸಿದರು. ಅವರು ವ್ಯಾಪಾರಸ್ಥರು, ಲೆಕ್ಕ ತಪ್ಪಿದರೆ ಸಹಿಸರು.

"ರಾಯರೇ, ಅಟ್ಟಕ್ಕೆ ಹಾಕಿದ ಕಾಯಿಯೆಲ್ಲ ಕೊಬ್ಬರಿಯಾಗುತ್ತದೆಂದು ನೀವು ತಿಳಿದಂತಿದೆ. ಒಂದಷ್ಟು ಕೊಳೆಯುತ್ತವೆ, ಒಂದಷ್ಟು ಮೊಳಕೆ ಒಡೆಯುತ್ತವೆ, ಕೆಲವನ್ನು ಇಲಿ ತಿನ್ನುತ್ತದೆ. ನರಸಿಂಹರಾಜು ಅವರ ಜೊತೆಗೆ ಅದೇ ಕಂಪನಿಯಲ್ಲಿ ಕೃಷ್ಣನೋ ಕುಶನೋ ಆಗಿದ್ದ ಬೇರೆ ಹುಡುಗರು ಏನಾದರು? ಓದಲಿಲ್ಲ, ಬರೆಯಲಿಲ್ಲ, ಗಂಟಲು ಒಡೆದ ದಿನ ಊಟದ ಎಲೆಯಿಂದ ಎದ್ದು ಹೋದರು. ಅವರ ಹೆಸರು ನಿಮಗೆ ಗೊತ್ತೇ? ನನಗಂತೂ ಗೊತ್ತಿಲ್ಲ."

ರಾಯರು ಕಾಫಿಯ ಲೋಟವನ್ನು ತಿರುಗಿಸಿದರು. ಉತ್ತರ ಇಲ್ಲದಾಗ ಅವರು ಲೋಟ ತಿರುಗಿಸುತ್ತಾರೆಂಬುದು ನಮಗೆಲ್ಲ ತಿಳಿದ ವಿಷಯ.

"ಈಗ ಹಾಗಲ್ಲ" ಎಂದು ನಾಗುವಿಗೆ ಉಸಿರು ಬಂತು. "ಈಗ ಬಾಲಕಲಾವಿದರಿಗೆ ಕಾನೂನು ಇದೆ. ದಿನಕ್ಕೆ ಐದು ಗಂಟೆ ಮೀರಿ ದುಡಿಸುವಂತಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸಂಪಾದನೆಯಲ್ಲಿ ಶೇಕಡಾ 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ಬ್ಯಾಂಕಿನ ಠೇವಣಿಗೆ ಹಾಕಬೇಕು, ಸತತವಾಗಿ 27 ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸಕೂಡದು. ನಾನು ಎಲ್ಲವನ್ನೂ ಓದಿಕೊಂಡಿದ್ದೇನೆ."

"ಇಪ್ಪತ್ತೇಳು ದಿನ!" ರಾಯರ ಮುಖ ಅರಳಿತು. "ಅವರಿಗೆ ಇಪ್ಪತ್ತೇಳು ವರ್ಷ, ಇವನಿಗೆ ಇಪ್ಪತ್ತೇಳು ದಿನ. ಸಂಖ್ಯೆಯಾದರೂ ಹೊಂದಿತಲ್ಲ, ಸಂತೋಷ. ಆದರೆ ನಾಗು, ಸೆಟ್ಟಿನಲ್ಲಿ ನಿರ್ಮಾಪಕ ತಪ್ಪು ಮಾಡಿದರೆ ಹಿಡಿಯುವುದಕ್ಕೆ ಜಿಲ್ಲಾಧಿಕಾರಿ ಇದ್ದಾರೆ. ಮನೆಯ ಹಾಲಿನಲ್ಲಿ ಅಪ್ಪನೇ ಮೊಬೈಲು ಹಿಡಿದು, 'ಇನ್ನೊಂದೇ ಒಂದು ಟೇಕ್ ಕಂದ, ಆಮೇಲೆ ಚಾಕೊಲೇಟ್' ಎನ್ನುತ್ತಿದ್ದರೆ ಗಂಟೆ ಎಣಿಸುವುದಕ್ಕೆ ಯಾವ ಜಿಲ್ಲಾಧಿಕಾರಿ ಬರುತ್ತಾರೆ? ಆ ಮೀಸೆಯನ್ನು ಎಷ್ಟು ಸಲ ಅಳಿಸಿ ಬರೆದಿರಿ?"

"ಹದಿನಾಲ್ಕು" ಎಂದು ನಾಗು ಮೆಲ್ಲಗೆ ಹೇಳಿದನು.

"ನರಸಿಂಹರಾಜು ಅವರ ಆ ಉಬ್ಬುಹಲ್ಲು ನೋಡಿದರೇ ನಮಗೆ ನಗು ಬರುತ್ತಿತ್ತು" ಎಂದು ಕಮಲತ್ತೆ ತಮ್ಮದೇ ಲಹರಿಯಲ್ಲಿದ್ದರು. "ಅವರು ತೆರೆಯ ಮೇಲೆ ಬಂದು ಬರೀ ಬಾಯಿ ತೆರೆದರೆ ಸಾಕು, ಬೆಂಚಿನವರೂ ನೆಲದವರೂ ಒಟ್ಟಿಗೆ ನಗುತ್ತಿದ್ದರು."

"ಇವತ್ತಾಗಿದ್ದರೆ ಮೊದಲು ಆ ಹಲ್ಲಿಗೆ ತಂತಿ ಬಿಗಿಸಿ, ಆಮೇಲೆ ಆಡಿಷನ್ನಿಗೆ ಕರೆದೊಯ್ಯುತ್ತಿದ್ದರು. ಕನ್ನಡ ಚಿತ್ರರಂಗದ ಇಪ್ಪತ್ತೈದು ವರ್ಷದ ನಗು ಒಬ್ಬ ದಂತವೈದ್ಯನ ಕುರ್ಚಿಯಲ್ಲಿ ಮುಗಿದುಹೋಗುತ್ತಿತ್ತು" ಎಂದರು ರಾಯರು. "ನಾಯಕನ ಕಾಲ್‌ಷೀಟಿಗಿಂತ ಮೊದಲು ನರಸಿಂಹರಾಜು ಅವರ ಕಾಲ್‌ಷೀಟ್ ಸಿಕ್ಕಿತೇ ಎಂದು ವಿಚಾರಿಸುತ್ತಿದ್ದರೆಂದು ಹಳಬರು ಇಂದಿಗೂ ಹೇಳುತ್ತಾರೆ. ಸುಮಾರು 250 ಚಿತ್ರಗಳು; ಎಂದರೆ ವರ್ಷಕ್ಕೆ ಹತ್ತು. ಒಂದೊಂದರಲ್ಲೂ ನಾಯಕನು ಮರ ಸುತ್ತಿ ಮುಗಿಸುವಷ್ಟರಲ್ಲಿ ಇವರು ಕಥೆಗೆ ಉಸಿರು ಕೊಟ್ಟು ಹೋಗಿರುತ್ತಿದ್ದರು."

"ನಿರ್ಮಾಪಕರಾದದ್ದು?" ನಾಗು ಬಿಡಲಿಲ್ಲ. "ಚಿಂಟು ಹೆಸರಿನಲ್ಲಿ ಈಗಾಗಲೇ ಚಾನೆಲ್ ಇದೆ. ಆ ಲೆಕ್ಕದಲ್ಲಿ ಅವನೂ ಪ್ರೊಡ್ಯೂಸರ್."

"ನಿನ್ನ ಮಗ ಬಂಡವಾಳ ಎಂದು ಹಾಕಿರುವುದು ಕಾಡಿಗೆ, ಅದೂ ಅವನ ತಾಯಿಯದು. ಇವರ ವಿಷಯ ಕೇಳು. ಕನ್ನಡ ಚಿತ್ರಗಳೇ ವಿರಳವಾಗಿ, ಕೈಯಲ್ಲಿ ಕೆಲಸ ಕಡಿಮೆಯಾದಾಗ ರಾಜಕುಮಾರ್, ಬಾಲಕೃಷ್ಣ, ಅಯ್ಯರ್ ಮತ್ತು ನರಸಿಂಹರಾಜು ಸೇರಿ ಕಲಾವಿದರ ಸಂಘ ಕಟ್ಟಿದರು. ಸಿನಿಮಾ ನಟರಾದ ಮೇಲೂ ಮತ್ತೆ ಬಣ್ಣದ ಪೆಟ್ಟಿಗೆ ಹೊತ್ತು ಊರೂರಿಗೆ ಹೋಗಿ ನಾಟಕ ಆಡಿ, ಟಿಕೇಟಿನ ಚಿಲ್ಲರೆ ಕೂಡಿಸಿ 'ರಣಧೀರ ಕಂಠೀರವ' ತೆಗೆದರು. ಅದು ತೆರೆಗೆ ಬಂದದ್ದು 1960ರಲ್ಲಿ. ತೆರೆಯ ಮೇಲೆ ನಗಿಸುವವನು ರಾತ್ರಿ ಲಾಂದ್ರದ ಬೆಳಕಿನಲ್ಲಿ ಎಂಟಾಣೆ ನಾಲ್ಕಾಣೆಗಳನ್ನು ಬೇರೆ ಬೇರೆ ಗುಡ್ಡೆ ಮಾಡುವುದನ್ನು ನಾನು ಊಹಿಸಿಕೊಳ್ಳುತ್ತೇನೆ; ಆಗ ಆ ಹಲ್ಲು ಹೊರಗೆ ಕಂಡಿರಲಾರದು. 1974ರಲ್ಲಿ ತಾವೇ ಹಣ ಹಾಕಿ 'ಪ್ರೊಫೆಸರ್ ಹುಚ್ಚುರಾಯ' ತೆಗೆದು, ಅದರಲ್ಲಿ ತಾವೇ ಹುಚ್ಚುರಾಯರಾದರು. ಐವತ್ತು ಮುಟ್ಟಿದ ಮೇಲೆ, ಇಪ್ಪತ್ತು ವರ್ಷ ಪಕ್ಕದಲ್ಲಿ ನಿಂತ ಮೇಲೆ, ನಡುವೆ ಬಂದು ನಿಲ್ಲುವ ಆಸೆ. ಅದಕ್ಕೂ ಸ್ವಂತ ದುಡ್ಡು ಕೊಡಬೇಕಾಯಿತು."

"ಆಮೇಲೆ ಹೆಚ್ಚು ದಿನ ಇರಲಿಲ್ಲ, ಅಲ್ಲವೇ?" ಎಂದರು ಕಮಲತ್ತೆ.

"ಐದು ವರ್ಷ. 1979ರ ಜುಲೈನಲ್ಲಿ ಹೋದರು. ಐವತ್ತಾರು ಇನ್ನೂ ತುಂಬಿರಲಿಲ್ಲ."

ಪುಟ್ಟಸ್ವಾಮಿಯವರು ಕಾಯಿ ಅಲ್ಲಾಡಿಸುವುದನ್ನು ನಿಲ್ಲಿಸಿದರು. ರಾಯರ ದನಿ ಇಳಿದಿತ್ತು. ವಾದದ ಹುರುಪು ಅವರಿಗೆ ತಿಳಿಯದಂತೆಯೇ ಎಲ್ಲೋ ಸೋರಿಹೋಗಿತ್ತು.

"ನನಗೆ 'ಸತ್ಯ ಹರಿಶ್ಚಂದ್ರ' ನೋಡುವಾಗಲೆಲ್ಲ ಒಂದು ಯೋಚನೆ ಬರುತ್ತದೆ" ಎಂದು ಅವರು ಮುಂದುವರಿಸಿದರು. "1965ರ ಚಿತ್ರ. ಅದರಲ್ಲಿ ನರಸಿಂಹರಾಜು ನಕ್ಷತ್ರಿಕ. ಸಾಲ ವಸೂಲಿಗೆಂದು ಹರಿಶ್ಚಂದ್ರನ ಬೆನ್ನು ಹತ್ತಿ ಪ್ರಾಣ ತಿನ್ನುವವನು. ನಾವೆಲ್ಲ ಬಿದ್ದು ಬಿದ್ದು ನಗುತ್ತೇವೆ. ಆದರೆ ಇದೇ ಮನುಷ್ಯ ಕಂಪನಿಯಲ್ಲಿ ಇದೇ ಕಥೆಯ ಲೋಹಿತಾಶ್ವ ಆಗಿದ್ದರು. ಹಾವು ಕಚ್ಚಿದ ಮೇಲೆ ಆ ಮಗುವಿಗೆ ಮಾತಿಲ್ಲ. ಚಂದ್ರಮತಿ ಎದೆ ಬಡಿದುಕೊಂಡು ಕಂದಪದ್ಯದ ಮೇಲೆ ಕಂದಪದ್ಯ ಹಾಡುತ್ತಾಳೆ, ಜನ ಒನ್ಸ್‌ಮೋರ್ ಕೂಗುತ್ತಾರೆ, ಅವಳು ಮತ್ತೆ ಮೊದಲಿನಿಂದ ಹಾಡುತ್ತಾಳೆ. ರಾತ್ರಿ ಎರಡು ಗಂಟೆಯಾದರೂ ಮಗು ಕಣ್ಣೆವೆ ಆಡಿಸದೆ ಹೆಣವಾಗಿ ಮಲಗಿರಬೇಕು. ಸೊಳ್ಳೆ ಕಚ್ಚಿದರೂ ಕೆರೆಯುವಂತಿಲ್ಲ. ನಗಿಸುವುದಕ್ಕೆ ಮೊದಲು ಅಷ್ಟು ಹೊತ್ತು ಸುಮ್ಮನೆ ಮಲಗಿದ್ದ ಹುಡುಗ ಅದು."

"ನಿಜವಾಗಿಯೂ ನಿದ್ದೆ ಬಂದುಬಿಡುತ್ತಿತ್ತೋ ಏನೋ" ಎಂದರು ಪುಟ್ಟಸ್ವಾಮಿಯವರು.

"ಬಂದಿರುತ್ತದೆ. ನಾಲ್ಕು ವರ್ಷದ ಮಗು, ಇನ್ನೇನು ಮಾಡೀತು?"

ಕಮಲತ್ತೆ ಎದ್ದರು. "ನಿಮ್ಮ ಅಟ್ಟವೂ ಬೇಡ, ಇವನ ಎಳನೀರಿನ ಅಂಗಡಿಯೂ ಬೇಡ. ನಾಲ್ಕು ವರ್ಷದ ಕೂಸನ್ನು ತಾಯಿಯ ಮಗ್ಗುಲಿನಿಂದ ಎಬ್ಬಿಸಿದ ಆ ಸೋದರಮಾವ ಎದುರಿಗೆ ಸಿಕ್ಕಿದ್ದರೆ ಅವನಿಗೂ ನಾಲ್ಕು ಮಾತು ಆಡುತ್ತಿದ್ದೆ. ಚಕ್ರವರ್ತಿಯಾದದ್ದು ಆಮೇಲಿನ ಮಾತು" ಎನ್ನುತ್ತ ಒಳಗೆ ಹೋಗಿ, ಬಟ್ಟಲಲ್ಲಿ ಕೊಬ್ಬರಿ ಎಣ್ಣೆಯನ್ನೂ ಹಳೆಯ ಮೆತ್ತನೆಯ ಪಂಚೆಯ ತುಂಡನ್ನೂ ತಂದರು.

"ಕಂಪನಿಯಲ್ಲೂ ಬಣ್ಣ ತೆಗೆಯುತ್ತಿದ್ದದ್ದು ಇದರಿಂದಲೇ" ಎಂದು ರಾಯರು ಸಣ್ಣ ದನಿಯಲ್ಲಿ ಟಿಪ್ಪಣಿ ಸೇರಿಸಿದರು. ಯಾರೂ ಅದಕ್ಕೆ ಕಿವಿಗೊಡಲಿಲ್ಲ.

ಕಮಲತ್ತೆ ಚಾಪೆಯ ಪಕ್ಕದಲ್ಲಿ ಕುಳಿತು, ಬೆರಳ ತುದಿಗೆ ಎಣ್ಣೆ ಅದ್ದಿಕೊಂಡು ಮೀಸೆಯ ಬಲ ಭಾಗವನ್ನು ಮೊದಲು ಸವರಿದರು. ಕಾಡಿಗೆ ಕರಗಿ ಕೆನ್ನೆಯ ಮೇಲೆ ಹರಡಿತು, ಬಟ್ಟೆ ಕಪ್ಪಾಯಿತು, ಕೆಳಗಿನಿಂದ ಹುಡುಗನ ತುಟಿ ಹೊರಬಂತು. ಚಿಂಟು ನಿದ್ದೆಯಲ್ಲೇ ಮೂಗನ್ನು ಸೊಟ್ಟ ಮಾಡಿ, ಅರ್ಧ ಮೀಸೆಯೊಡನೆ ನಕ್ಕನು. ನಾಗುವಿನ ಕೈ ತಾನಾಗಿ ಜೇಬಿನ ಕಡೆಗೆ ಹೋಯಿತು. ಕಮಲತ್ತೆ ತಲೆ ಎತ್ತದೆ, ಎಣ್ಣೆಯ ಬಟ್ಟಲನ್ನು ಆ ಕೈಗೆ ಕೊಟ್ಟು, "ಚೆಲ್ಲದ ಹಾಗೆ ಹಿಡಿದುಕೋ" ಎಂದರು.