ಕರಿಯನ ತೂಕದ ವಿಚಾರ, ಅತ್ತಿಗೆಗೆ

ಅತ್ತಿಗೆ, ನಿಮ್ಮ ಮೆಸೇಜ್ ಈಗ ನೋಡಿದೆ. ನಿಮ್ಮ ಬೆಕ್ಕು ಕರಿಯ 5 ಕೆಜಿ 800 ಗ್ರಾಂ ಆಗಿದ್ದಾನೆ, ಜಾಸ್ತಿ ಆಯ್ತಾ, ಊಟ ಎಷ್ಟು ಹಾಕಬೇಕು ಅಂತ ಕೇಳಿದ್ದೀರಿ. ಭಾವ "ದಷ್ಟಪುಷ್ಟವಾಗಿದ್ದಾನೆ, ಬಿಡು" ಅಂದಿದ್ದಾರೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ.

ನಮ್ಮ ಊರಬೆಕ್ಕುಗಳು ಬೆಳೆದ ಮೇಲೆ ಸಾಮಾನ್ಯವಾಗಿ 3.5ರಿಂದ 5 ಕೆಜಿ ಇರುತ್ತವೆ. ಆದರೆ ಬರೀ ತೂಕ ನೋಡಿ ಹೇಳೋಕಾಗಲ್ಲ, ಕೈಯಿಟ್ಟು ನೋಡಬೇಕು. ಬಚ್ಚಲ ಒಲೆ ಹತ್ತಿರ ಮಲಗಿರುತ್ತಾನಲ್ಲ, ಎಬ್ಬಿಸಿ ನಿಲ್ಲಿಸಿ. ಎರಡೂ ಪಕ್ಕೆಯ ಮೇಲೆ ಬೆರಳು ಹಗುರವಾಗಿ ಆಡಿಸಿ. ಆಮೇಲೆ ನಿಮ್ಮದೇ ಕೈ ಚಾಚಿ ಅಂಗೈಯ ಹಿಂಬದಿ ಸವರಿ. ಅಲ್ಲಿ ಎಲುಬು ತೆಳುವಾಗಿ ತಿಳಿಯುತ್ತದಲ್ವಾ, ಪಕ್ಕೆಲುಬು ಹಾಗೆ ಸಿಗಬೇಕು. ಮುಷ್ಟಿ ಕಟ್ಟಿದಾಗಿನ ಗೆಣ್ಣಿನ ಹಾಗೆ ಎದ್ದು ಸಿಕ್ಕರೆ ಬಡಕಲು. ಅಂಗೈ ಒತ್ತಿದ ಹಾಗೆ ಮೆತ್ತಗಿದ್ದು ಎಲುಬು ಹುಡುಕಬೇಕಾದರೆ ಬೊಜ್ಜು. ಮೇಲಿಂದ ನೋಡಿದರೆ ಪಕ್ಕೆಯ ಹಿಂದೆ ಸೊಂಟ ಸ್ವಲ್ಪ ಒಳಗೆ ಹೋಗಿರಬೇಕು. ಹೊಟ್ಟೆ ಕೆಳಗೆ ಜೋಲುವ ಚರ್ಮ ಎಷ್ಟೋ ಬೆಕ್ಕಿಗೆ ಸಹಜವಾಗಿಯೇ ಇರುತ್ತದೆ, ಅದಕ್ಕೆ ಹೆದರಬೇಡಿ.

ಊಟ. ಮರಿ ಆಗದ ಹಾಗೆ ಆಪರೇಷನ್ ಆದ ಗಂಡು, ಅದರ ಮೇಲೆ ಮಳೆಗಾಲ, ಹೊರಗೆ ಕಾಲಿಡಲ್ಲ. ಹಸಿವು ಜಾಸ್ತಿ, ಓಡಾಟ ಕಮ್ಮಿ. ಈಗಿನ ತೂಕಕ್ಕಲ್ಲ, ಇರಬೇಕಾದ ತೂಕಕ್ಕೆ ಲೆಕ್ಕ ಹಾಕಬೇಕು: ಇಂಥ 4.5 ಕೆಜಿ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 220 ಕ್ಯಾಲೊರಿ ಸಾಕು. ಒಣ ಕ್ಯಾಟ್ ಫುಡ್ 100 ಗ್ರಾಂಗೆ 350ರಿಂದ 400 ಕ್ಯಾಲೊರಿ ಇರುತ್ತದೆ, ಪ್ಯಾಕೆಟ್ ಮೇಲೆ ಬರೆದಿರುತ್ತಾರೆ. ಅಂದರೆ ಇಡೀ ದಿನಕ್ಕೆ 55 ಗ್ರಾಂ ಆಸುಪಾಸು. ನೀವು ಬಟ್ಟಲು ಖಾಲಿ ಆದಾಗಲೆಲ್ಲ ತುಂಬುತ್ತೀರಿ, ಅತ್ತೆ ಬೇರೆ ತುಪ್ಪ ಕಲಸಿದ ಅನ್ನ ಹಾಕುತ್ತಾರೆ. ಒಂದು ಟೀ ಚಮಚ ತುಪ್ಪದಲ್ಲೇ 45 ಕ್ಯಾಲೊರಿ! ದಿನದ ಊಟದ ಐದನೇ ಒಂದು ಪಾಲು ಅಲ್ಲೇ ಹೋಯ್ತು. ಬೆಳಿಗ್ಗೆಯೇ ಅಳೆದು ಡಬ್ಬಿಗೆ ಹಾಕಿಡಿ, ಯಾರು ಕೊಟ್ಟರೂ ಆ ಡಬ್ಬಿಯಿಂದಲೇ ಕೊಡಲಿ. ಹಾಲು ಬೇಡವೇ ಬೇಡ, ದೊಡ್ಡ ಬೆಕ್ಕುಗಳಿಗೆ ಅದು ಸರಿಯಾಗಿ ಅರಗಲ್ಲ, ಭೇದಿ ಆಗುತ್ತದೆ.

ಇದೊಂದು ಮಾತ್ರ ಕೈ ಮುಗಿದು ಕೇಳುತ್ತೇನೆ. ದಪ್ಪ ಆಗಿದ್ದಾನೆ ಅಂತ ಉಪವಾಸ ಕೆಡವಬೇಡಿ. ನಮ್ಮ ಗುಂಡ ಮೂರು ದಿನ ಊಟ ಬಿಟ್ಟಿದ್ದ. ಹಸಿವಾದರೆ ತಾನೇ ತಿನ್ನುತ್ತಾನೆ ಅಂತ ಸುಮ್ನಿದ್ದೆವು. ನಾಲ್ಕನೇ ದಿನ ಕಿವಿ ಮಡಚಿ ನೋಡಿದರೆ ಒಳಗೆಲ್ಲ ಅರಿಶಿನ ಬಳಿದ ಹಾಗೆ ಹಳದಿ. ದಪ್ಪ ಬೆಕ್ಕು ತಿನ್ನದೇ ಇದ್ದರೆ ಮೈಯ ಕೊಬ್ಬೆಲ್ಲ ಲಿವರ್‌ಗೆ ಹೋಗಿ ತುಂಬಿಕೊಳ್ಳುತ್ತದೆ. ಗುಂಡ ಉಳಿಯಲಿಲ್ಲ. ಕರಿಯ ಒಂದು ದಿನ ಪೂರ್ತಿ ಮೂಸದೇ ಇದ್ದರೆ ಕಾಯದೆ ಡಾಕ್ಟರಿಗೆ ತೋರಿಸಿ.

ವಾರಕ್ಕೆ 50-60 ಗ್ರಾಂ ಇಳಿದರೆ ಸಾಕು. ಶುರು ಮಾಡೋಕೆ ಮುಂಚೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಒಂದು ಸಲ ತೋರಿಸಿ. ಅಡಿಕೆ ತೂಗುವ ತಕ್ಕಡಿ ಮನೆಯಲ್ಲೇ ಇದೆಯಲ್ಲ, ಬುಟ್ಟಿಯಲ್ಲಿ ಕೂರಿಸಿ ತೂಗಿ, ಬುಟ್ಟಿಯ ತೂಕ ಕಳೆಯಿರಿ. ಈ ಭಾನುವಾರ ಎಷ್ಟು ಬಂತು ಅಂತ ಇಲ್ಲೇ ಹಾಕಿ, ಮೇಲಿಂದ ತೆಗೆದ ಫೋಟೋನೂ ಕಳಿಸಿ.