ಟ್ಯಾಕ್ಸ್ ಕ್ರೆಡಿಟ್ ಅನ್ನೋದಕ್ಕೆ ‘ವಜಾ’ ಹೊಂದುತ್ತಾ?

ಗೆಳೆಯರೇ,

ಅಮೆರಿಕದಲ್ಲಿರುವ ಅಕ್ಕನ ಮಗಳು ಕಾಲೇಜು ಸೇರಿದ್ದಾಳೆ. ಫೀಸು ಕಟ್ಟಿದವರಿಗೆ ಅಲ್ಲಿ ಸಿಗುವ ತೆರಿಗೆ ಸವಲತ್ತಿನ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆದುಕೊಡಲು ಕೂತೆ. ಸೋಮಾರಿತನಕ್ಕೆ ಯಂತ್ರಾನುವಾದ ಮಾಡಿಸಿದೆ. ಟ್ಯಾಕ್ಸ್ ಕ್ರೆಡಿಟ್ ‘ತೆರಿಗೆ ಸಾಲ’ ಆಗಿ ಬಂತು, ನೋಡದೆ ಕಳಿಸಿಯೂ ಬಿಟ್ಟೆ. ಭಾವ ಫೋನ್ ಮಾಡಿದರು: “ಓದಿಗೆ ಮಾಡಿದ ಸಾಲವೇ ತಲೆ ಮೇಲಿದೆ, ಇದ್ಯಾವುದಪ್ಪಾ ಇನ್ನೊಂದು?”

ನಾವು ಡಿಡಕ್ಷನ್, ಕ್ರೆಡಿಟ್ ಎರಡಕ್ಕೂ ಸುಮ್ನೆ ‘ವಿನಾಯಿತಿ’ ಅಂತೀವಿ. ಆದರೆ ಲೆಕ್ಕದಲ್ಲಿ ಅಜಗಜಾಂತರ. ವಿದ್ಯಾಭ್ಯಾಸದ ಸಾಲಕ್ಕೆ ಕಟ್ಟಿದ ಬಡ್ಡಿಯಲ್ಲಿ ವರ್ಷಕ್ಕೆ 2,500 ಡಾಲರ್‌ವರೆಗೆ ಡಿಡಕ್ಷನ್ ಇದೆ. ಅದು ಆದಾಯದಲ್ಲಿ ಕಳೆಯುವುದು. 22 ಶೇಕಡಾ ದರದಲ್ಲಿ ತೆರಿಗೆ ಕಟ್ಟುವವರಿಗೆ ಉಳಿಯೋದು 550 ಡಾಲರ್. ಕಾಲೇಜು ಫೀಸಿಗೆ ಸಿಗುವ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್‌ನ ಮಿತಿಯೂ, ಒಬ್ಬ ವಿದ್ಯಾರ್ಥಿಗೆ, ಅದೇ 2,500. ಆದರೆ ಇದು ತೆರಿಗೆಯಲ್ಲೇ ಕಳೆಯುವುದು, ಪೂರ್ತಿ ಉಳಿಯುತ್ತೆ.

‘ತೆರಿಗೆ ಕಡಿತ’ ಅನ್ನೋಣವೇ ಅಂದರೆ, ಸಂಬಳದಲ್ಲಿ ತೆರಿಗೆ ಮುರಿದುಕೊಂಡರೂ ಅದೇ ಮಾತು, ಸರ್ಕಾರ ದರ ಇಳಿಸಿದರೂ ಪತ್ರಿಕೆಯಲ್ಲಿ ಅದೇ ಮಾತು. ‘ವಿನಾಯಿತಿ’ಯನ್ನು ತೆರಿಗೆಯೇ ಇಲ್ಲದ ಹಣಕ್ಕೆ ಇಟ್ಟುಕೊಳ್ಳುವುದು ಮೇಲು. ಪದವಿ ಓದುವವರು ಟ್ಯೂಷನ್ ಫೀಸಿಗೆ ಬಳಸಿದ ಸ್ಕಾಲರ್‌ಶಿಪ್ ಅಂಥದ್ದು.

ಕ್ರೆಡಿಟ್‌ಗೆ ನನಗೆ ಹೊಳೆದದ್ದು ‘ವಜಾ’. “ಅಡ್ವಾನ್ಸನ್ನು ಬಾಡಿಗೆಯಲ್ಲಿ ವಜಾ ಮಾಡ್ಕೊಳ್ಳಿ” ಅಂತೀವಲ್ಲ, ಅದೇ ವಜಾ. ಕೊಡಬೇಕಾದ ಮೊತ್ತದಿಂದಲೇ ನೇರವಾಗಿ ಕಳೆಯುವ ಅರ್ಥ ಅದರಲ್ಲಿದೆ. ‘ತೆರಿಗೆಯಲ್ಲಿ ವಜಾ’ ಅಂದರೆ ಭಾವನಿಗೂ ತಕ್ಷಣ ಹೊಳೆಯಿತು. ಒಂದೇ ತೊಡಕು: ಈಗ ವಜಾ ಅಂದರೆ ಜಾಸ್ತಿ ಜನಕ್ಕೆ ನೆನಪಾಗೋದು ಕೆಲಸ ಹೋಗೋದು, ಇಲ್ಲಾ ಅರ್ಜಿ ಬಿದ್ದುಹೋಗೋದು. ಡಿಡಕ್ಷನ್‌ಗೆ ‘ಆದಾಯದಲ್ಲಿ ಕಳೆತ’ ಅಂತ ಬರೆದಿದ್ದೇನೆ. ‘ಆದಾಯ ಕಡಿತ’ ಅಂದರೆ ಸಂಬಳ ಇಳಿದ ಹಾಗೆ ಕೇಳಿಸುತ್ತೆ, ಅಲ್ವಾ?

‘ತೆರಿಗೆ ಜಮೆ’ ಅಂತಲೂ ಕೆಲವರು ಬರೆಯುತ್ತಾರೆ. ಜಮೆ ಅಂದರೆ ದುಡ್ಡು ಖಾತೆಗೆ ಬೀಳಬೇಕು. ಫೀಸಿಗೇ ಸಿಗುವ ಇನ್ನೊಂದು ಸವಲತ್ತು, ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್‌ನಲ್ಲಿ ಹಾಗಾಗಲ್ಲ. ಕಟ್ಟಬೇಕಾದ ತೆರಿಗೆ ಸೊನ್ನೆಗೆ ಇಳಿದರೆ ಮುಗೀತು, ಮಿಕ್ಕಿದ್ದು ಕೈಗೆ ಬರಲ್ಲ. ಅಮೆರಿಕನ್ ಆಪರ್ಚುನಿಟಿಯಲ್ಲಿ ಮಾತ್ರ ತೆರಿಗೆ ಸೊನ್ನೆಯಾದ ಮೇಲೂ ಕ್ರೆಡಿಟ್‌ನ 40 ಶೇಕಡಾ, ಅಂದರೆ 1,000 ಡಾಲರ್‌ವರೆಗೆ, ವಾಪಸ್ ಸಿಗಬಹುದು. ಆ ಪಾಲಿಗೆ ಬೇಕಾದರೆ ಜಮೆ ಅನ್ನಿ.

ಈ ಕೈಗೆ ಬರುವ, ಬಾರದ ಎರಡು ಬಗೆಯನ್ನು ಒಂದೊಂದೇ ಪದದಲ್ಲಿ ಹೇಳೋದು ಹೇಗೆ? ‘ಮರಳುವ ವಜಾ’, ‘ಮರಳದ ವಜಾ’ ಅಂತ ಬರೆದು ನೋಡಿದೆ, ನನಗೇ ನಗು ಬಂತು. ಅಂಗಡಿ ಲೆಕ್ಕ, ಕಡತದ ಭಾಷೆ ಬಲ್ಲವರು ಯಾರಾದರೂ ಇದ್ದರೆ ಹೇಳಿ.